ಲಿವರ್ ಆಕ್ಷನ್ ರೈಫಲ್ ಆರಿಸುವುದು ಹೇಗೆ? ಅಮೆರಿಕದಲ್ಲಿ ಗುರಿ ಹೊಡೆಯುವ ಹವ್ಯಾಸಕ್ಕಿಳಿಯುವ ಕನ್ನಡಿಗರಿಗೆ

ಪ್ರಶ್ನೆ ಡಲ್ಲಾಸ್‌ನಿಂದ ಬಂದರೂ ನ್ಯೂಜೆರ್ಸಿಯಿಂದ ಬಂದರೂ ಹೆಚ್ಚುಕಡಿಮೆ ಒಂದೇ ರೀತಿ ಇರುತ್ತದೆ: "ಶನಿವಾರ ರೇಂಜಿಗೆ ಹೋಗಿ ಗುರಿ ಹೊಡೆಯೋ ಆಸೆ. ಲಿವರ್ ಆಕ್ಷನ್ ಮೇಲೆ ಮನಸ್ಸಾಗಿದೆ. ಹೆನ್ರಿ ತಗೊಳ್ಳಲೋ, ಮಾರ್ಲಿನ್ನೋ, ವಿಂಚೆಸ್ಟರೋ?" ಕಂಪನಿಯ ಹೆಸರಿನಿಂದ ಶುರುಮಾಡಿದರೆ ಆಯ್ಕೆ ತಲೆಕೆಳಗಾಗುತ್ತದೆ. ಮೊದಲು ಕಾನೂನು, ಆಮೇಲೆ ನೀವು ಹೋಗುವ ರೇಂಜು, ಆಮೇಲೆ ತೋಟಾ. ಈ ಮೂರು ಗೊತ್ತಾದ ಮೇಲೆ ರೈಫಲ್‌ಗಳ ಪಟ್ಟಿ ತಾನಾಗಿ ಮೂರು ನಾಲ್ಕಕ್ಕೆ ಇಳಿಯುತ್ತದೆ.

ತೀರಾ ಹೊಸಬರಿಗೆ ಎರಡು ಮಾತು. ಟ್ರಿಗರನ್ನು ಸುತ್ತುವರಿದು ಕೆಳಗಿರುವ ಹಿಡಿಯೇ ಲಿವರ್. ಅದನ್ನು ಕೆಳಕ್ಕೂ ಮುಂದಕ್ಕೂ ತಳ್ಳಿದರೆ ಹೊಡೆದ ತೋಟಾದ ಖಾಲಿ ಕೋಶ ಹೊರಗೆ ಹಾರುತ್ತದೆ, ಹಿಂದಿರುವ ಹ್ಯಾಮರ್ ಬಾಗಿ ಹೊಡೆಯಲು ಸಿದ್ಧವಾಗುತ್ತದೆ. ವಾಪಸ್ ಎಳೆದರೆ ಹೊಸ ತೋಟಾ ಚೇಂಬರಿಗೆ, ಅಂದರೆ ನಳಿಕೆಯ ಬುಡದಲ್ಲಿ ತೋಟಾ ಕೂರುವ ಜಾಗಕ್ಕೆ, ಹೋಗಿ ಸೇರುತ್ತದೆ. ಉಳಿದ ತೋಟಾಗಳು ನಳಿಕೆಯ ಕೆಳಗಿನ ಕೊಳವೆಯಲ್ಲಿ ಸಾಲಾಗಿ ಮಲಗಿರುತ್ತವೆ. ಆ ಕೊಳವೆಯೇ ಮ್ಯಾಗಜೀನ್. ಕೊಡಗು, ಮಲೆನಾಡಿನ ತೋಟಾಕೋವಿ ಹಿಡಿದು ಬೆಳೆದವರಿಗೂ ಇದು ಹೊಸದೇ. ಅಲ್ಲಿ ನಳಿಕೆ ಮಡಚಿ ಒಂದೋ ಎರಡೋ ಚರೆಯ ತೋಟಾ ಹಾಕುವ ರೂಢಿ. ಇಲ್ಲಿ ಪ್ರತಿ ತೋಟಾದಲ್ಲೂ ಒಂದೇ ಗುಂಡು, ಮ್ಯಾಗಜೀನಿನೊಳಗೆ ಹಲವು ಈಡು.

1. ಮೊದಲು ನಿಮ್ಮ ವೀಸಾ ನೋಡಿಕೊಳ್ಳಿ

ಇದನ್ನು ಮೊದಲೇ ಹೇಳಬೇಕು, ಏಕೆಂದರೆ ನಮ್ಮವರು ಹೆಚ್ಚು ಎಡವುವುದು ಇಲ್ಲೇ. ಎಚ್-1ಬಿ, ಎಚ್-4, ಎಲ್-1, ಎಫ್-1 ಮುಂತಾದ ವಲಸೆಯೇತರ ವೀಸಾದ ಮೇಲೆ ಬಂದವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ ಎಂಬುದು ಅಮೆರಿಕದ ಫೆಡರಲ್ ಕಾನೂನು. ರೇಂಜಿನಲ್ಲಿ ಬಾಡಿಗೆಗೆ ಪಡೆದು ಹೊಡೆಯುವುದಕ್ಕೂ ಇದೇ ಅನ್ವಯ. ಕೆಲವು ವಿನಾಯಿತಿಗಳಿವೆ. ಸಾಮಾನ್ಯವಾಗಿ ಬಳಕೆಯಾಗುವುದು, ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ ಕೈಯಲ್ಲಿರುವುದು. ಆದರೆ ರಾಜ್ಯದ ಕಾನೂನು ಇನ್ನೂ ಬಿಗಿಯಾಗಿರಬಹುದು. ಹಾಗಾಗಿ ಈ ದಾರಿ ಹಿಡಿಯುವವರು ವಲಸೆ ವಕೀಲರ ಹತ್ತಿರ ಒಮ್ಮೆ ಮಾತಾಡಿ. ಗ್ರೀನ್ ಕಾರ್ಡ್ ಇರುವವರಿಗೂ ಪೌರರಿಗೂ ಈ ತಡೆ ಇಲ್ಲ.

ಅಂಗಡಿಯಲ್ಲಿ ಫಾರ್ಮ್ 4473 ಎಂಬ ಫೆಡರಲ್ ಖರೀದಿ ಅರ್ಜಿ ತುಂಬಬೇಕು, ಹಿನ್ನೆಲೆ ಪರಿಶೀಲನೆ ನಡೆಯುತ್ತದೆ. ಅದರಲ್ಲಿ ಎರಡು ಕಡೆ ಜನ ಜಾರುತ್ತಾರೆ. ಒಂದು, ಕೊಳ್ಳುವವರು ನಿಜವಾಗಿ ನೀವೇನಾ ಎಂಬ ಪ್ರಶ್ನೆ. ಪೌರಳಾದ ಹೆಂಡತಿಯ ಹೆಸರಿನಲ್ಲಿ ಎಚ್-1ಬಿ ಗಂಡ ತನಗಾಗಿ ಕೊಳ್ಳಿಸುವುದು ಬೇನಾಮಿ ಖರೀದಿ, ಅದು ಅಪರಾಧ. ಇನ್ನೊಂದು, ಗಾಂಜಾ. ನಿಮ್ಮ ರಾಜ್ಯ ಗಾಂಜಾವನ್ನು ಕಾನೂನುಬದ್ಧ ಮಾಡಿದ್ದರೂ ಫೆಡರಲ್ ಫಾರ್ಮ್‌ನಲ್ಲಿ ಅದು ನಿಷಿದ್ಧ ವಸ್ತುವೇ. ಸುಳ್ಳು ಬರೆದರೆ ಜೈಲಿನ ಮಾತಿರಲಿ, ಪೌರತ್ವ ಇನ್ನೂ ಸಿಗದವರಿಗೆ ಬಂದೂಕಿನ ಅಪರಾಧ ಗಡೀಪಾರಿಗೂ ಕಾರಣವಾಗಬಹುದು.

ಇದರ ಮೇಲೆ ರಾಜ್ಯದ ಕಾಗದಗಳು. ನ್ಯೂಜೆರ್ಸಿಯಲ್ಲಿ ಖರೀದಿದಾರರ ಗುರುತಿನ ಚೀಟಿ, ಇಲಿನಾಯ್‌ನಲ್ಲಿ ಬಂದೂಕು ಮಾಲೀಕರ ಗುರುತಿನ ಚೀಟಿಯಾದ ಎಫ್‌ಒಐಡಿ ಕಾರ್ಡ್, ಕ್ಯಾಲಿಫೋರ್ನಿಯಾದಲ್ಲಿ ಸುರಕ್ಷತಾ ಪರೀಕ್ಷೆಯ ಪ್ರಮಾಣಪತ್ರ ಮತ್ತು 10 ದಿನಗಳ ಕಾಯುವಿಕೆ. ಟೆಕ್ಸಾಸ್‌ನಲ್ಲಿ ಇಂಥ ಪ್ರತ್ಯೇಕ ಚೀಟಿ ಇಲ್ಲ. ಲಿವರ್ ಆಕ್ಷನ್‌ನ ಒಂದು ಅನುಕೂಲ ಇಲ್ಲಿ ಗೊತ್ತಾಗುತ್ತದೆ: ಪ್ರತಿ ಈಡಿಗೂ ಕೈಯಿಂದಲೇ ಲಿವರ್ ಆಡಿಸಬೇಕಾದ್ದರಿಂದ ಇದು ಅರೆಸ್ವಯಂಚಾಲಿತ ಅಲ್ಲ. ಆ ಕಾರಣಕ್ಕೆ ಬಿಗಿ ಕಾನೂನಿನ ರಾಜ್ಯಗಳಲ್ಲೂ ಇದನ್ನು ಕೊಳ್ಳಲು ತೊಡಕು ಕಡಿಮೆ. ಮ್ಯಾಗಜೀನಿನಲ್ಲಿ ಹತ್ತೇ ತೋಟಾ ಎಂಬ ಕ್ಯಾಲಿಫೋರ್ನಿಯಾದ ಮಿತಿಯಿಂದಲೂ ಲಿವರ್ ಆಕ್ಷನ್‌ನ ಕೊಳವೆ ಮ್ಯಾಗಜೀನಿಗೆ ವಿನಾಯಿತಿ ಇದೆ.

2. ರೇಂಜಿಗೆ ಬರಿಗೈಯಲ್ಲಿ ಹೋಗಿ ಬನ್ನಿ

ಕೊಳ್ಳುವ ಮುಂಚೆ ನಿಮ್ಮ ಮನೆಯಿಂದ ಹತ್ತಿರದ ರೇಂಜಿಗೆ ಹೋಗಿ ನಾಲ್ಕು ವಿಷಯ ಕೇಳಿ: ಎಷ್ಟು ಗಜದ ದೂರವಿದೆ, ಯಾವ ತೋಟಾಗಳಿಗೆ ಅನುಮತಿ, ಉಕ್ಕಿನ ಗುರಿಗಳಿವೆಯೇ, ಹೊರಗಿನಿಂದ ತಂದ ತೋಟಾ ಬಳಸಬಹುದೇ.

ಊರೊಳಗಿನ ಮುಚ್ಚಿದ ರೇಂಜುಗಳಲ್ಲಿ ಸಾಮಾನ್ಯವಾಗಿ 25 ಗಜ. ಬಹಳಷ್ಟು ಕಡೆ ಪಿಸ್ತೂಲಿನ ತೋಟಾ ಹಾರಿಸುವ ರೈಫಲ್‌ಗೆ ಒಪ್ಪಿಗೆ ಇರುತ್ತದೆ, .30-30ರಂಥ ಅಸಲಿ ರೈಫಲ್ ತೋಟಾಕ್ಕೆ ಇರುವುದಿಲ್ಲ (ಈ ಅಂಕಿಗಳು ತೋಟಾಗಳ ಹೆಸರು, ವಿವರ ಮೂರನೇ ಭಾಗದಲ್ಲಿದೆ). ಬಯಲಿನ ರೇಂಜಿನಲ್ಲಿ 50, 100 ಗಜ ಸಿಗುತ್ತದೆ. ಆದರೆ ಅಲ್ಲಿನ ಉಕ್ಕಿನ ತಟ್ಟೆಗಳಿಗೆ .22 ಅಥವಾ ಪಿಸ್ತೂಲ್ ತೋಟಾ ಮಾತ್ರ ಎಂಬ ಫಲಕ ಇರಬಹುದು. ರೈಫಲ್ ಗುಂಡಿನ ವೇಗಕ್ಕೆ ತಟ್ಟೆಯಲ್ಲಿ ಕುಳಿ ಬೀಳುತ್ತದೆ, ಆ ಕುಳಿಗೆ ಬಡಿದ ಮುಂದಿನ ಗುಂಡಿನ ಚೂರು ಹೊಡೆದವರ ಕಡೆಗೇ ತಿರುಗಿ ಬರಬಹುದು. ಕೆಲವು ರೇಂಜುಗಳಲ್ಲಿ ನಿಮ್ಮ ತೋಟಾಕ್ಕೆ ಅಯಸ್ಕಾಂತ ಹಿಡಿದು ನೋಡುತ್ತಾರೆ. ಗುಂಡಿನಲ್ಲಿ ಉಕ್ಕಿದ್ದರೆ ಒಳಗೆ ಬಿಡುವುದಿಲ್ಲ.

ಕೌಬಾಯ್ ಆಕ್ಷನ್ ಶೂಟಿಂಗ್ ಎಂಬ ಸ್ಪರ್ಧೆಗೆ ಸೇರುವ ಯೋಚನೆ ಇದ್ದರೆ ಅದನ್ನೂ ಈಗಲೇ ತೀರ್ಮಾನಿಸಿ. 19ನೇ ಶತಮಾನದ ಮಾದರಿಯ ಬಂದೂಕುಗಳಿಂದ ಉಕ್ಕಿನ ಗುರಿಗಳಿಗೆ ವೇಗವಾಗಿ ಹೊಡೆಯುವ ಆಟ ಅದು. ಮುಖ್ಯ ಪಂದ್ಯಕ್ಕೆ ಪಿಸ್ತೂಲ್ ತೋಟಾದ ರೈಫಲ್ಲೇ ಬೇಕು, ತಾಮ್ರದ ಹೊದಿಕೆಯಿಲ್ಲದ ಸೀಸದ ಗುಂಡೇ ಆಗಬೇಕು.

3. ತೋಟಾ ಆರಿಸಿ

ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಪುರುಸೊತ್ತು ಇದ್ದರೆ ಇದನ್ನು ಓದಿ.

ಮೊದಲು ಲೆಕ್ಕ. ಒಂದು ಮಧ್ಯಾಹ್ನ ಆರಾಮಾಗಿ ಹೊಡೆದರೆ 100 ಈಡು ಸುಲಭವಾಗಿ ಮುಗಿಯುತ್ತದೆ. ಅಂಗಡಿ, ತಿಂಗಳು ನೋಡಿ ಬೆಲೆ ಏರಿಳಿದರೂ ಅಂದಾಜು ಹೀಗಿದೆ: .22 ಲಾಂಗ್ ರೈಫಲ್ 100ಕ್ಕೆ 8ರಿಂದ 10 ಡಾಲರ್. .38 ಸ್ಪೆಷಲ್ 35ರಿಂದ 45. .30-30 ಸುಮಾರು 130ರಿಂದ 160. .45-70 ಆದರೆ 200 ದಾಟುತ್ತದೆ. ರೈಫಲ್ ಬೆಲೆಯ ಬಗ್ಗೆ ವಾರಗಟ್ಟಲೆ ಚೌಕಾಸಿ ಮಾಡುವವರು ಈ ಲೆಕ್ಕ ಹಾಕುವುದೇ ಇಲ್ಲ. ವರ್ಷ ಕಳೆಯುವಷ್ಟರಲ್ಲಿ ಚೆಂದದ .45-70 ಗೋಡೆಗೆ ಒರಗಿರುತ್ತದೆ.

.22 ಲಾಂಗ್ ರೈಫಲ್: ಮೊದಲ ರೈಫಲ್‌ಗೆ ನಮ್ಮ ಸಲಹೆ ಇದೇ, ಎರಡನೇ ಮಾತಿಲ್ಲ. 40 ಗ್ರೇನ್ ತೂಕದ ಗುಂಡು. ಗ್ರೇನ್ ಎಂದರೆ ಗುಂಡು, ಮದ್ದು ತೂಗುವ ಅಳತೆ. 15 ಗ್ರೇನ್ ಸೇರಿದರೆ ಹತ್ತಿರ ಹತ್ತಿರ ಒಂದು ಗ್ರಾಂ. ಒದೆತ ಇಲ್ಲವೆನ್ನುವಷ್ಟು ಕಡಿಮೆ, ಸದ್ದೂ ಕಡಿಮೆ. ಹೊಸಬರು ಸದ್ದಿಗೆ, ಒದೆತಕ್ಕೆ ಹೆದರಿ ಟ್ರಿಗರ್ ಎಳೆಯುವ ಕ್ಷಣದಲ್ಲೇ ಕಣ್ಣು ಮುಚ್ಚಿ ಭುಜ ಮುಂದಕ್ಕೆ ಒತ್ತುತ್ತಾರೆ. ಆ ಚಾಳಿ ಒಮ್ಮೆ ಅಂಟಿದರೆ ಬಿಡಿಸುವುದು ಕಷ್ಟ. .22ರಲ್ಲಿ ಅದು ಅಂಟುವ ಸಾಧ್ಯತೆಯೇ ಕಡಿಮೆ. ಒಂದು ಎಚ್ಚರ: .22 ಮ್ಯಾಗ್ನಮ್ ಬೇರೆ ತೋಟಾ, .22 ಲಾಂಗ್ ರೈಫಲ್ ಬೇರೆ. ಒಂದರ ಬದಲು ಇನ್ನೊಂದು ಬಳಸುವಂತಿಲ್ಲ.

.357 ಮ್ಯಾಗ್ನಮ್: ಎರಡನೇ ರೈಫಲ್‌ಗೆ, ಅಥವಾ .22 ಸಾಕಷ್ಟು ಹೊಡೆದು ಬಂದವರ ಮೊದಲನೆಯದಕ್ಕೆ ಇದು ಸರಿ. .357 ಎಂದು ನಳಿಕೆಯ ಮೇಲೆ ಬರೆದಿರುವ ರೈಫಲ್‌ನಲ್ಲಿ ಅಗ್ಗದ, ಮೆತ್ತಗಿನ .38 ಸ್ಪೆಷಲ್ ಕೂಡ ಹೊಡೆಯಬಹುದು. ತಿರುಗುಮುರುಗು ಮಾಡುವಂತಿಲ್ಲ: .38 ಎಂದು ಬರೆದಿರುವುದರಲ್ಲಿ .357 ಬೇಡ. .38ಕ್ಕೂ ಮೂರು ಕಿರಿಕಿರಿಗಳಿವೆ. ಚಪ್ಪಟೆ ಮೂತಿಯ ವಾಡ್‌ಕಟರ್ ಗುಂಡಿನ ತೋಟಾ ಗಿಡ್ಡ, ಬಹುತೇಕ ಲಿವರ್ ಆಕ್ಷನ್‌ಗಳಲ್ಲಿ ಸರಾಗವಾಗಿ ಹತ್ತುವುದಿಲ್ಲ. ಮೂತಿ ಉರುಟಾಗಿರುವ ಅಥವಾ ಕೋನಾಕಾರದಲ್ಲಿದ್ದು ತುದಿ ಮಾತ್ರ ಚಪ್ಪಟೆಯಿರುವ 158 ಗ್ರೇನ್ ಗುಂಡು ಕೇಳಿ ತನ್ನಿ. ತುಂಬ ಮೆತ್ತಗಿನ ಮದ್ದಿನ, ತಾಮ್ರ ಹೊದಿಸಿದ .38 ಗುಂಡು ಉದ್ದ ನಳಿಕೆಯಲ್ಲಿ ಅರ್ಧಕ್ಕೆ ಸಿಕ್ಕಿಕೊಳ್ಳುವ ಅಪಾಯವೂ ಇದೆ. ಮತ್ತೆ, ನೂರಾರು .38 ಹೊಡೆದ ಮೇಲೆ ಚೇಂಬರಿನಲ್ಲಿ ಕಸರಿನ ಉಂಗುರ ಕಟ್ಟುತ್ತದೆ. ಅದನ್ನು ಉಜ್ಜಿ ತೆಗೆಯದೆ ಉದ್ದದ .357 ಹಾಕಿದರೆ ತೋಟಾ ಪೂರ್ತಿ ಒಳಗೆ ಕೂರುವುದಿಲ್ಲ.

.30-30: 1895ರಿಂದ ನಡೆದುಬಂದ ಬೇಟೆಯ ತೋಟಾ. 100 ಗಜಕ್ಕೆ ಕಾಗದದ ಗುರಿ ಹೊಡೆಯಲು ಚೆನ್ನ, ಆದರೆ ದಿನಕ್ಕೆ ನಲವತ್ತು ಈಡು ಸಾಕೆನಿಸುತ್ತದೆ. .44 ಮ್ಯಾಗ್ನಮ್, .45 ಕೋಲ್ಟ್ ಇವು .357ರ ದಾರಿಯವೇ, ಒದೆತವೂ ಬೆಲೆಯೂ ಒಂದು ಮೆಟ್ಟಿಲು ಮೇಲೆ. ಬರೀ ಗುರಿಗೆಂದು .45-70 ಕೊಳ್ಳುವುದಕ್ಕೆ ನಮ್ಮ ಬೆಂಬಲ ಇಲ್ಲ.

ಚೂಪು ಗುಂಡಿನ ಅಪಾಯ: ಕೊಳವೆಯೊಳಗೆ ತೋಟಾಗಳು ಒಂದರ ಬೆನ್ನಿಗೆ ಒಂದು ನಿಂತಿರುತ್ತವೆ. ಹಿಂದಿನ ತೋಟಾದ ಗುಂಡಿನ ಮೂತಿ ಮುಂದಿನ ತೋಟಾದ ತಳಕ್ಕೆ ಒತ್ತಿಕೊಂಡಿರುತ್ತದೆ. ಆ ತಳದ ನಡುಮಧ್ಯದಲ್ಲೇ ಕೇಪು, ಅಂದರೆ ಬಡಿದರೆ ಕಿಡಿ ಹೊತ್ತುವ ಪುಟ್ಟ ಬಟ್ಟಲು. ಗುಂಡು ಗಟ್ಟಿಯಾಗಿ ಚೂಪಾಗಿದ್ದರೆ, ಈಡು ಹಾರಿ ರೈಫಲ್ ಒದೆದಾಗ ಇಡೀ ಸಾಲು ಜರುಗಿ ಆ ಚೂಪು ಕೇಪನ್ನು ಕುಟ್ಟಬಹುದು. ಆಗ ಈಡು ಹಾರುವುದು ಚೇಂಬರಿನಲ್ಲಿ ಅಲ್ಲ, ನಿಮ್ಮ ಎಡಗೈ ಹಿಡಿದಿರುವ ಕೊಳವೆಯೊಳಗೆ. ಆದ್ದರಿಂದ .30-30, .45-70ಗಳಿಗೆ ಚಪ್ಪಟೆ ಅಥವಾ ಮೊಂಡು ಮೂತಿಯ ಗುಂಡು ಮಾತ್ರ. ಹಾರ್ನಡಿ ಕಂಪನಿಯ ಲೆವರೆವಲ್ಯೂಷನ್ ಚೂಪಾಗಿದ್ದರೂ ಅದರ ತುದಿ ಮೆತ್ತನೆಯ ಪಾಲಿಮರ್, ಕೊಳವೆಗೆಂದೇ ಮಾಡಿದ್ದು. .22ಕ್ಕೆ ಈ ಭಯವಿಲ್ಲ, ಅದರ ಕಿಡಿಮದ್ದು ತಳದ ಅಂಚಿನಲ್ಲಿರುತ್ತದೆ.

4. ಈಗ ರೈಫಲ್

.22 ಬೇಕೆಂದರೆ ಹೆನ್ರಿ ಎಚ್001 ನೋಡಿ. ಸುಮಾರು 400 ಡಾಲರ್, ತೂಕ 2.4 ಕಿಲೋ, 15 ತೋಟಾ ಹಿಡಿಯುತ್ತದೆ, ಲಿವರ್ ಪೆಟ್ಟಿಗೆಯಿಂದ ತೆಗೆದ ದಿನವೇ ನಯವಾಗಿ ಆಡುತ್ತದೆ. ಮೇಲ್ಭಾಗದ ಹೊದಿಕೆ ಹಗುರ ಲೋಹದ್ದು, ಹಳೆಯ ಕಾಲದವರು ಅದಕ್ಕೆ ಮೂಗು ಮುರಿಯುತ್ತಾರೆ; ಗುರಿಗೆ ಅದರಿಂದ ವ್ಯತ್ಯಾಸವಿಲ್ಲ. ಬ್ರೌನಿಂಗ್ ಬಿಎಲ್-22 ಜಪಾನಿನಲ್ಲಿ ತಯಾರಾಗುತ್ತದೆ, ಬೆಲೆ ಹೆಚ್ಚು. ಅದರ ಲಿವರ್ 33 ಡಿಗ್ರಿ ಮಾತ್ರ ತಿರುಗುತ್ತದೆ, ಟ್ರಿಗರೂ ಲಿವರಿನ ಜೊತೆಗೇ ಹೋಗಿಬರುತ್ತದೆ. ಕೈ ಚಿಕ್ಕದಿರುವವರಿಗೆ, ಹೆಬ್ಬೆರಳು ಎತ್ತದೆ ಲಿವರ್ ಆಡಿಸುವ ಆಸೆ ಇರುವವರಿಗೆ ಒಳ್ಳೆಯದು. ಹಳೆಯದರಲ್ಲಿ ಮಾರ್ಲಿನ್ 39ಎ ಸಿಕ್ಕರೆ ಬಿಡಬೇಡಿ. ಪಕ್ಕದ ಒಂದು ದಪ್ಪ ತಿರುಪನ್ನು ನಾಣ್ಯದಿಂದ ತಿರುಗಿಸಿದರೆ ಎರಡು ತುಂಡಾಗಿ ಬಿಚ್ಚಿಕೊಳ್ಳುತ್ತದೆ, ಶುಚಿ ಮಾಡುವುದು ಸುಲಭ.

.357ರಲ್ಲಿ ಮುಖ್ಯ ಪ್ರಶ್ನೆ ಖಾಲಿ ಕೋಶ ಎಲ್ಲಿಂದ ಹಾರುತ್ತದೆ ಎಂಬುದು. ಮಾರ್ಲಿನ್ 1894, ಹೆನ್ರಿ ಬಿಗ್ ಬಾಯ್‌ಗಳಲ್ಲಿ ಪಕ್ಕದಿಂದ. ಮೇಲೆ ಮುಚ್ಚಿರುವುದರಿಂದ ದುರ್ಬೀನು ಕೂರಿಸಬಹುದು. ವಿಂಚೆಸ್ಟರ್ 1892ರ ಮಾದರಿಯವು (ಬ್ರೆಜಿಲಿನ ರೊಸ್ಸಿ ಆರ್92 ಇದರಲ್ಲಿ ಅಗ್ಗದ್ದು, ಸುಮಾರು 700 ಡಾಲರ್) ಮೇಲಿನಿಂದ ಉಗುಳುತ್ತವೆ. ದುರ್ಬೀನಿಗೆ ಅಲ್ಲಿ ಜಾಗವಿಲ್ಲ, ಕೋಶ ಒಮ್ಮೊಮ್ಮೆ ಟೋಪಿಯ ಮೇಲೆ ಬೀಳುತ್ತದೆ. ಆದರೆ ಹಗುರ, ಗಟ್ಟಿ. ಜಾನ್ ಬ್ರೌನಿಂಗ್ ರೂಪಿಸಿದ ಯಂತ್ರ. ರೊಸ್ಸಿಯ ಹೊಸ ರೈಫಲ್‌ಗಳಲ್ಲಿ ಸ್ಪ್ರಿಂಗ್ ಬಿಗಿ, ಅಂಚುಗಳು ಒರಟು. ಮೊದಲ ಐನೂರು ಈಡು ಅದನ್ನು ಪಳಗಿಸುವ ಕೆಲಸ ಎಂದುಕೊಳ್ಳಿ.

1873ರ ಮಾದರಿ (ಇಟಲಿಯ ಉಬರ್ಟಿ, ಜಪಾನಿನಲ್ಲಿ ಮಾಡಿಸುವ ಇಂದಿನ ವಿಂಚೆಸ್ಟರ್) ಕೌಬಾಯ್ ಸ್ಪರ್ಧಿಗಳ ಅಚ್ಚುಮೆಚ್ಚು, ಅಷ್ಟು ನಯ. ಅದರಲ್ಲಿ ತೋಟಾವನ್ನು ಹೊತ್ತ ಹಿತ್ತಾಳೆಯ ತೊಟ್ಟಿಲು ನೇರ ಮೇಲೇಳುತ್ತದೆ. ತೊಟ್ಟಿಲಿನ ಉದ್ದ ಒಂದು ನಿರ್ದಿಷ್ಟ ತೋಟಾಕ್ಕೆ ಹೊಂದಿಸಿರುವುದರಿಂದ, ತೀರಾ ಗಿಡ್ಡ ತೋಟಾ ಹಾಕಿದರೆ ಮುಂದಿನದರ ಹಿಂಭಾಗವೂ ಒಳಗೆ ನುಸುಳಿ ಅಲ್ಲೇ ಬಿಗಿದುಕೊಳ್ಳುತ್ತದೆ. ಹೊಡೆಯುವಾಗ ಚೇಂಬರನ್ನು ಹಿಂದಿನಿಂದ ಮುಚ್ಚಿ ಹಿಡಿಯುವ ಕೊಂಡಿಗಳೂ 1892ರಷ್ಟು ಬಲವಾದವಲ್ಲ. ಮದ್ದಿನ ಜೋರು ಹೆಚ್ಚಿರುವ ತೋಟಾ ಇದಕ್ಕೆ ಬೇಡ.

ತೋಟಾ ತುಂಬುವ ಬಗೆ ಎರಡು. 1866ರ ವಿಂಚೆಸ್ಟರಿನಿಂದ ಬಂದ ಪಕ್ಕದ ಪುಟ್ಟ ಬಾಗಿಲಲ್ಲಿ ಒಂದೊಂದೇ ಒತ್ತುವುದು. ಅಥವಾ ಹೆನ್ರಿಗಳಂತೆ ಮೂತಿಯ ಕಡೆ ಒಳಗೊಳವೆ ಎಳೆದು ಮೇಲಿನಿಂದ ಬಿಡುವುದು. ಎರಡನೆಯದರಲ್ಲಿ ತುಂಬುವುದು ನಿಧಾನ, ಆದರೆ ಖಾಲಿ ಮಾಡುವುದು ಬಹಳ ಸುರಕ್ಷಿತ. ಗುರಿ ಹವ್ಯಾಸಕ್ಕೆ ನಾವು ಎರಡನೆಯದಕ್ಕೇ ಅರ್ಧ ಅಂಕ ಹೆಚ್ಚು ಕೊಡುತ್ತೇವೆ. ಎರಡೂ ಇರುವ ಹೆನ್ರಿಗಳೂ ಈಗ ಬರುತ್ತಿವೆ.

ದೊಡ್ಡ ಬಳೆಯಂತೆ ಅಗಲವಾದ ಲಿವರ್ ಸಿನಿಮಾಕ್ಕೆ ಚೆನ್ನ, ಅಥವಾ ದಪ್ಪ ಕೈಗವಸು ಹಾಕುವ ಚಳಿನಾಡಿಗೆ. ಮಾಮೂಲಿ ಗಾತ್ರದ್ದೇ ಕೈಗೆ ಹತ್ತಿರ, ವೇಗವೂ ಹೆಚ್ಚು.

5. ಮೈಗೆ ಹೊಂದುತ್ತದೆಯೇ?

ರೈಫಲ್ ಖಾಲಿಯಿದೆ ಎಂದು ಖಚಿತಪಡಿಸಿಕೊಂಡು, ಭುಜಕ್ಕೆ ಒರಗುವ ಅದರ ಬುಡವನ್ನು ಮೊಣಕೈ ಮಡಿಕೆಗೆ ಒತ್ತಿ. ತೋರುಬೆರಳಿನ ಮೊದಲ ಗೆಣ್ಣು ಟ್ರಿಗರಿಗೆ ಆರಾಮಾಗಿ ಸಿಗಬೇಕು. ಬುಡದಿಂದ ಟ್ರಿಗರಿಗಿರುವ ಈ ದೂರ ಸಾಮಾನ್ಯವಾಗಿ 13ರಿಂದ 14 ಇಂಚು. ಐದಡಿ ಎರಡಂಗುಲದವರಿಗೆ 14 ಉದ್ದವೆನಿಸಬಹುದು. ಚಿಕ್ಕವರಿಗೆಂದು ಮಾಡಿದ ಮಾದರಿ ದೊಡ್ಡವರೂ ಧಾರಾಳವಾಗಿ ಬಳಸಬಹುದು, ಅದರಲ್ಲಿ ಸಂಕೋಚ ಬೇಡ.

ಆಮೇಲೆ ಕಣ್ಣು ಮುಚ್ಚಿ, ಯಾರೂ ಇಲ್ಲದ ಗೋಡೆಯ ಕಡೆ ಭುಜಕ್ಕೇರಿಸಿ, ಕಣ್ಣು ಬಿಡಿ. ಹಿಂದಿನ ಸೈಟು, ಮುಂದಿನ ಸೈಟು (ಗುರಿ ಹಿಡಿಯಲು ರೈಫಲ್ ಮೇಲಿರುವ ಗುರುತುಗಳು) ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ಕಂಡರೆ ಅಳತೆ ಸರಿ. ಕೆನ್ನೆಯನ್ನು ಮರಕ್ಕೆ ಅದುಮಿ ಹುಡುಕಬೇಕಾದರೆ ಬೇರೆಯದು ನೋಡಿ. ಹಳೆಯ ಶೈಲಿಯ ಕೆಲವು ರೈಫಲ್‌ಗಳ ಬುಡದಲ್ಲಿ ಅರ್ಧಚಂದ್ರಾಕಾರದ ಉಕ್ಕಿನ ತಟ್ಟೆ ಇರುತ್ತದೆ. ನೋಡಲು ಸೊಗಸು, .44ರ ಒದೆತಕ್ಕೆ ಅದರ ಕೆಳಕೊಂಬು ಕಂಕುಳಿಗೆ ಚುಚ್ಚುತ್ತದೆ. ರಬ್ಬರ್ ಪಟ್ಟಿ ಇರುವುದೇ ವಾಸಿ.

ನಲವತ್ತು ದಾಟಿದವರಿಗೆ ಇನ್ನೊಂದು ತೊಂದರೆ. ಕಾರ್ಖಾನೆಯಿಂದ ಬರುವ ಬಕ್‌ಹಾರ್ನ್ ಸೈಟ್, ಅಂದರೆ ಎರಡು ಕೊಂಬಿನ ನಡುವೆ ಸಣ್ಣ ಕಚ್ಚು ಇರುವುದು, ಕಣ್ಣಿಗೆ ತೀರಾ ಹತ್ತಿರ ಇರುವುದರಿಂದ ಮಸುಕಾಗುತ್ತದೆ. ಪರಿಹಾರ ದುರ್ಬೀನೇ ಆಗಬೇಕಿಲ್ಲ. ಪೀಪ್ ಸೈಟ್, ಅಂದರೆ ನಡುವೆ ತೂತಿರುವ ಬಿಲ್ಲೆಯನ್ನು ಹಿಂದಕ್ಕೆ ಕೂರಿಸಿದರೆ ಸಾಕು. ತೂತಿನ ಮೂಲಕ ಮುಂದಿನ ಸೈಟ್ ಮಾತ್ರ ನೋಡಿ, ಅದನ್ನು ನಡುವಿಗೆ ತರುವ ಕೆಲಸ ಕಣ್ಣು ತಾನೇ ಮಾಡುತ್ತದೆ. ಸ್ಕಿನ್ನರ್, ವಿಲಿಯಮ್ಸ್ ಕಂಪನಿಗಳ ಪೀಪ್‌ಗಳು 60ರಿಂದ 120 ಡಾಲರ್ ಆಸುಪಾಸು. ಪೀಪ್ ಹಾಕಿದಾಗ ಮುಂದಿನ ಸೈಟಿನ ಎತ್ತರವನ್ನೂ ಬದಲಿಸಬೇಕಾಗಬಹುದು, ಕೊಳ್ಳುವಾಗಲೇ ಕೇಳಿ.

6. ಅಂಗಡಿಯ ಕೌಂಟರಿನಲ್ಲಿ

ಲಿವರ್ ತೆರೆಯಿರಿ. ಚೇಂಬರ್ ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ ನೋಡಿ, ಮ್ಯಾಗಜೀನ್ ಬಾಯಲ್ಲಿ ತೋಟಾ ಇಲ್ಲದೆ ಅದನ್ನು ತಳ್ಳುವ ಬಿಲ್ಲೆ ಮಾತ್ರ ಕಾಣಬೇಕು. ಅಂಗಡಿಯವರು ಈಗತಾನೆ ನೋಡಿ ಕೊಟ್ಟರೂ ನೀವೂ ನೋಡಿ. ಆಮೇಲೆ:

ಹಿಂದಿನಿಂದ ನಳಿಕೆಯುದ್ದಕ್ಕೂ ದೃಷ್ಟಿ ಹಾಯಿಸಿ. ಮುಂದಿನ ಸೈಟ್ ಒಂದು ಬದಿಗೆ ವಾಲಿದೆಯೇ? ಇದು ಮಾರ್ಲಿನ್ ಕೊಳ್ಳುವವರು ಮುಖ್ಯವಾಗಿ ನೋಡಬೇಕಾದ್ದು. ಹಳೆಯ ಮಾರ್ಲಿನ್‌ಗಳ ನಳಿಕೆಯ ಬುಡದಲ್ಲಿ ಜೆಎಂ ಮುದ್ರೆ ಇರುತ್ತದೆ, ಅವಕ್ಕೆ ಬೇಡಿಕೆ. ಕಂಪನಿ ರೆಮಿಂಗ್ಟನ್ ಕೈಗೆ ಹೋದ ಮೇಲಿನ ವರ್ಷಗಳಲ್ಲಿ, ಅದರಲ್ಲೂ ಮೊದಮೊದಲು, ವಾಲಿದ ಸೈಟು, ಮರ ಲೋಹದ ನಡುವೆ ಬಿರುಕು, ಬಿಗಿ ಲಿವರ್ ಇದ್ದವು ಬಂದವು. 2020ರಲ್ಲಿ ರೆಮಿಂಗ್ಟನ್ ದಿವಾಳಿಯಾದಾಗ ರೂಗರ್ ಮಾರ್ಲಿನ್ನನ್ನು ಕೊಂಡಿತು. ಅವರು ಮಾಡಿದವುಗಳ ಕ್ರಮಸಂಖ್ಯೆ ಆರ್‌ಎಂ ಎಂಬ ಅಕ್ಷರಗಳಿಂದ ಶುರುವಾಗುತ್ತದೆ, ಕೆಲಸ ಅಚ್ಚುಕಟ್ಟು.

ತಿರುಪುಗಳ ತಲೆ ನೋಡಿ. ಕಚ್ಚು ಕಿತ್ತುಹೋಗಿದ್ದರೆ ಯಾರೋ ಸಿಕ್ಕಿದ ಸ್ಕ್ರೂಡ್ರೈವರಿನಿಂದ ಒಳಗೆ ಕೈ ಹಾಕಿದ್ದಾರೆ ಎಂದರ್ಥ. ಒಳಗೆ ಏನು ಮಾಡಿದ್ದಾರೋ ಹೊರಗಿನಿಂದ ತಿಳಿಯದು. ಕೊಳವೆ ಎಲ್ಲಾದರೂ ನಗ್ಗಾಗಿದೆಯೇ ಎಂದು ಬೆರಳಾಡಿಸಿ. ಸಣ್ಣ ನಗ್ಗೂ ತೋಟಾ ಸಾಲನ್ನು ತಡೆಯುತ್ತದೆ. ನಳಿಕೆಯೊಳಗೆ ಬೆಳಕು ಬಿಟ್ಟು, ಗುಂಡನ್ನು ತಿರುಗಿಸುವ ಸುರುಳಿ ಗೆರೆಗಳು ಮೂತಿಯ ತನಕ ಸ್ಪಷ್ಟವಾಗಿವೆಯೇ ನೋಡಿ. ಮೂತಿಯ ಅಂಚು ಸವೆದಿದ್ದರೆ ಗುಂಡು ಚದುರುತ್ತದೆ. ಅಲ್ಲಿಂದಲೇ ಕಡ್ಡಿ ತೂರಿ ಉಜ್ಜಿದ ರೈಫಲ್‌ಗಳ ಸಾಮಾನ್ಯ ಕಾಯಿಲೆ ಇದು.

ಟ್ರಿಗರ್ ಪರೀಕ್ಷಿಸಲು ಅನುಮತಿ ಕೇಳಿ. ಖಾಲಿ .22ರ ಟ್ರಿಗರ್ ಎಳೆಯಬೇಡಿ, ಬಡಿಯುವ ಮೊಳೆ ಚೇಂಬರಿನ ಅಂಚಿಗೆ ತಗುಲಿ ಕುಳಿ ಮಾಡಬಹುದು. ಹುಸಿ ತೋಟಾ ಹಾಕಿ ನೋಡಿ. ಹಳೆಯ ಮಾರ್ಲಿನ್‌ನಲ್ಲಿ ಟ್ರಿಗರ್ ತುಸು ಲೊಳಲೊಳ ಅಂದರೆ ಗಾಬರಿ ಬೇಡ, ಅದರ ರಚನೆಯೇ ಹಾಗೆ.

ಮತ್ತೊಂದು: ಸುರಕ್ಷತಾ ಗುಂಡಿ ಎಲ್ಲದರಲ್ಲೂ ಇರುವುದಿಲ್ಲ. ಹಳೆಯವುಗಳಲ್ಲಿ ಹ್ಯಾಮರನ್ನು ಅರ್ಧಕ್ಕೆ ನಿಲ್ಲಿಸುವ ಕಚ್ಚು ಮಾತ್ರ. ಚೇಂಬರಿನಲ್ಲಿ ತೋಟಾ ಇದ್ದು, ಹೆಬ್ಬೆರಳಲ್ಲಿ ಹ್ಯಾಮರ್ ಇಳಿಸುವಾಗ ಜಾರಿದರೆ ಈಡು ಹಾರುತ್ತದೆ. ಹೊಸಬರಿಗೆ ಗುಂಡಿ ಇರುವುದು ಅಥವಾ ಹೆನ್ರಿ ಬಿಗ್ ಬಾಯ್‌ನಂತೆ ಒಳತಡೆ ಇರುವುದು ಒಳ್ಳೆಯದು. ಮತ್ತು ಶತಮಾನ ಹಳೆಯ ಅಸಲಿ ವಿಂಚೆಸ್ಟರ್ ಯಾರಾದರೂ ಕೊಟ್ಟರೆ, ಬಂದೂಕು ರಿಪೇರಿಯವರು ನೋಡಿ ಹೇಳುವ ತನಕ ಇಂದಿನ ತೋಟಾ ಅದರಲ್ಲಿ ಹಾರಿಸಬೇಡಿ.

7. ಜೊತೆಗೆ ಬೇಕಾದವು

ರೈಫಲ್‌ಗೆ 400 ಎಂದು ಜೇಬಲ್ಲಿ 400 ಇಟ್ಟು ಹೋಗಬೇಡಿ. ಕಿವಿಗೆ ಮಫ್, ಮುಚ್ಚಿದ ರೇಂಜಾದರೆ ಅದರ ಕೆಳಗೆ ಫೋಮ್ ಬಿರಡೆಯೂ. ಪಕ್ಕ ಮುಚ್ಚುವ ಕನ್ನಡಕ. ಬೀಗವಿರುವ ಪೆಟ್ಟಿಗೆ. ಮರಳಿನ ಚೀಲ ಎರಡು. ಹುಸಿ ತೋಟಾ ಐದಾರು. ಕಚ್ಚಿಗೆ ಸರಿಯಾಗಿ ಕೂರುವ ಬಂದೂಕಿನ ಸ್ಕ್ರೂಡ್ರೈವರ್ ಸೆಟ್. ಆನ್‌ಲೈನ್ ಕೊಂಡರೆ ರೈಫಲ್ ಮನೆಗೆ ಬರುವುದಿಲ್ಲ, ಪರವಾನಗಿ ಇರುವ ಅಂಗಡಿಗೆ ಬರುತ್ತದೆ. ಅವರ ಶುಲ್ಕ 25ರಿಂದ 50 ಡಾಲರ್. ಎಲ್ಲ ಸೇರಿ ಇನ್ನೊಂದು 200.

8. ಮೊದಲ ದಿನ

ಶುರುವಿಗೆ ನಳಿಕೆಯನ್ನು ಒಮ್ಮೆ ಒರೆಸಿ, ಕಾರ್ಖಾನೆಯ ಎಣ್ಣೆ ತೆಗೆಯಿರಿ. ಗುರಿ 25 ಗಜಕ್ಕೆ ಹಾಕಿ. ಮರಳುಚೀಲ ಮುಂಗೈ ಹಿಡಿಯುವ ಮರದ ಕೆಳಗಿರಲಿ. ನಳಿಕೆಗೋ ಕೊಳವೆಗೋ ತಾಗಿಸಿದರೆ ಗುಂಡು ಬೀಳುವ ಜಾಗವೇ ಬದಲಾಗುತ್ತದೆ.

ಲಿವರ್ ಆಡಿಸುವುದರಲ್ಲೇ ಹೊಸಬರ ಮುಕ್ಕಾಲು ತೊಂದರೆ. ಹಗುರವಾಗಿ, ಮರ್ಯಾದೆಯಿಂದ, ಮುಕ್ಕಾಲು ದಾರಿ ತಳ್ಳಿ ವಾಪಸ್ ಎಳೆಯುತ್ತಾರೆ. ಆ ಕೊನೆಯ ಕಾಲುಭಾಗದಲ್ಲೇ ಖಾಲಿ ಕೋಶ ಹೊರಹಾರುವುದು, ತೊಟ್ಟಿಲು ಹೊಸ ತೋಟಾ ಎತ್ತುವುದು. ಅರ್ಧಕ್ಕೆ ಎಳೆದರೆ ಹಳೆಯ ಕೋಶ ಒಳಗೇ ಉಳಿದು ಹೊಸ ತೋಟಾ ಅದಕ್ಕೆ ಗುದ್ದುತ್ತದೆ, ಎರಡೂ ಬಿಗಿದುಕೊಳ್ಳುತ್ತವೆ. ಬೈಗುಳ ಕಂಪನಿಗೆ ಹೋಗುತ್ತದೆ, ತಪ್ಪು ಕೈಯದು. ಹುಸಿ ತೋಟಾ ಹಾಕಿಕೊಂಡು, ರೈಫಲ್ ಭುಜದಲ್ಲೇ ಇಟ್ಟು, ತಳ್ಳುವಾಗ ಟಕ್ ಎಂದು ಕೊನೆ ಮುಟ್ಟುವ ತನಕ, ಎಳೆಯುವಾಗ ಮತ್ತೆ ಟಕ್ ಎನ್ನುವ ತನಕ ಅಭ್ಯಾಸ ಮಾಡಿ. ಬೆರಳು ಟ್ರಿಗರಿನಿಂದ ಹೊರಗೆ. ಲಿವರ್ ಮುಚ್ಚುವ ಭರದಲ್ಲಿ ಟ್ರಿಗರ್ ಎಳೆದುಬಿಡುವುದು ಇನ್ನೊಂದು ಅಪಾಯ.

ಐದು ಈಡು ಒಂದೇ ಜಾಗಕ್ಕೆ ಗುರಿಯಿಟ್ಟು ಹೊಡೆಯಿರಿ, ನಡುವೆ ಸೈಟ್ ಮುಟ್ಟಬೇಡಿ. ಐದೂ ಬಿದ್ದ ಜಾಗದ ನಡುಬಿಂದು ಹುಡುಕಿ. ಗುಂಡು ಎತ್ತ ಹೋಗಬೇಕೋ ಹಿಂದಿನ ಸೈಟನ್ನು ಅತ್ತಲೇ ಸರಿಸಬೇಕು. ಎಷ್ಟು ಎಂಬುದಕ್ಕೆ ಲೆಕ್ಕ: ತಪ್ಪಿದ ಇಂಚನ್ನು ಎರಡು ಸೈಟುಗಳ ನಡುವಿನ ಇಂಚಿನಿಂದ ಗುಣಿಸಿ, ಗುರಿಯ ದೂರದ ಇಂಚಿನಿಂದ ಭಾಗಿಸಿ. 25 ಗಜ ಎಂದರೆ 900 ಇಂಚು. ಸೈಟುಗಳ ನಡುವೆ 16 ಇಂಚು, ಗುಂಡು 3 ಇಂಚು ಎಡಕ್ಕೆ ಬಿದ್ದಿದ್ದರೆ 48ನ್ನು 900ರಿಂದ ಭಾಗಿಸಿದಾಗ 0.053 ಇಂಚು, ಅಂದರೆ 1.35 ಮಿಲಿಮೀಟರ್ ಬಲಕ್ಕೆ. ಹಿತ್ತಾಳೆಯ ಕಡ್ಡಿಯಿಟ್ಟು ಪುಟ್ಟ ಸುತ್ತಿಗೆಯಿಂದ ತಟ್ಟಿ. ಮೊದಲೇ ಪೆನ್ಸಿಲಿನಿಂದ ಗುರುತು ಮಾಡಿಕೊಳ್ಳಿ. ಉಕ್ಕಿನ ಕಡ್ಡಿ ಬಳಸಿದರೆ ಸೈಟಿನ ಮೈ ಗೀರುಬೀಳುತ್ತದೆ.

.22 ರೈಫಲ್‌ಗಳು ತೋಟಾದ ವಿಷಯದಲ್ಲಿ ಚಂಚಲ. ಐನೂರರ ಡಬ್ಬ ಕೊಳ್ಳುವ ಮುಂಚೆ ನಾಲ್ಕೈದು ಕಂಪನಿಗಳ ಒಂದೊಂದು ಪೆಟ್ಟಿಗೆ ತಂದು ಹೊಡೆದು ನೋಡಿ. ತೆರೆದ ಸೈಟಿನಲ್ಲಿ 50 ಗಜಕ್ಕೆ ಐದೂ ಗುಂಡು 3 ಇಂಚಿನೊಳಗೆ ಬಿದ್ದರೆ ಹೊಸಬರಿಗೆ ಸಾಕಷ್ಟಾಯಿತು. .30-30 ಬಿಸಿಯಾದಂತೆ ಗುಂಡುಗಳು ಒಂದೇ ದಿಕ್ಕಿಗೆ ಜರುಗುತ್ತ ಹೋಗುತ್ತವೆ, ಕಾರಣ ನಳಿಕೆಗೆ ಕೊಳವೆಯನ್ನು ಬಿಗಿದಿರುವ ಪಟ್ಟಿಗಳು. ಐದು ಹೊಡೆದು ಆರಲು ಬಿಡಿ.

ಟ್ರಿಗರ್ ಎಳೆದೂ ಈಡು ಹಾರದಿದ್ದರೆ ಮೂತಿ ಗುರಿಯತ್ತಲೇ ಇರಲಿ, 30 ಸೆಕೆಂಡ್ ಕಾಯಿರಿ, ಆಮೇಲೆ ಲಿವರ್ ತೆರೆಯಿರಿ. ಸದ್ದು "ಪುಸ್" ಎಂದರೆ ಇನ್ನೂ ಗಂಭೀರ: ಗುಂಡು ನಳಿಕೆಯಲ್ಲೇ ಕೂತಿರಬಹುದು. ಮುಂದಿನ ಈಡು ಹೊಡೆದರೆ ನಳಿಕೆ ಸೀಳುತ್ತದೆ. ಖಾಲಿ ಮಾಡಿ, ನಳಿಕೆಯಲ್ಲಿ ಬೆಳಕು ಕಾಣುವ ತನಕ ಮುಂದುವರಿಯಬೇಡಿ.

9. ಖಾಲಿ ಮಾಡುವುದು, ಒರೆಸುವುದು, ಇಡುವುದು

ಒಳಗೊಳವೆ ಇರುವುದಾದರೆ ಅದನ್ನು ಎಳೆದು ತೋಟಾ ಸುರಿಯಿರಿ; ಆದರೆ ತೊಟ್ಟಿಲಲ್ಲಿ ಒಂದು, ಚೇಂಬರಿನಲ್ಲಿ ಒಂದು ಉಳಿದಿರಬಹುದು. ಲಿವರ್ ಮೂರು ನಾಲ್ಕು ಸಲ ಪೂರ್ತಿ ಆಡಿಸಿ, ಕಣ್ಣಲ್ಲಿ ಬೆರಳಲ್ಲಿ ನೋಡಿ. ಪಕ್ಕದ ಬಾಗಿಲಿನವುಗಳಲ್ಲಿ ಪ್ರತಿ ತೋಟಾವನ್ನೂ ಚೇಂಬರಿನ ದಾರಿಯಲ್ಲೇ ಹೊರತೆಗೆಯಬೇಕು. ಮೂತಿ ಗುರಿದಿಬ್ಬದ ಕಡೆಗಿರಲಿ, ಲಿವರನ್ನು ಪೂರ್ತಿ ಮುಚ್ಚದೆ ಆಡಿಸಿ.

ಮಾರ್ಲಿನ್ 1894ರಲ್ಲಿ ಲಿವರಿನ ಒಂದು ತಿರುಪು ತೆಗೆದರೆ ಬೋಲ್ಟ್, ಅಂದರೆ ಚೇಂಬರನ್ನು ಹಿಂದಿನಿಂದ ಮುಚ್ಚುವ ತುಂಡು, ಹಿಂದಕ್ಕೆ ಜಾರಿ ಬರುತ್ತದೆ, ನಳಿಕೆಯನ್ನು ಹಿಂದಿನಿಂದಲೇ ಉಜ್ಜಬಹುದು. ಆಗ ಎಜೆಕ್ಟರ್ ಎಂಬ ಚಿಕ್ಕ ಪಟ್ಟಿ ಸಡಿಲವಾಗಿ ಉದುರುತ್ತದೆ, ಟವೆಲ್ ಹಾಸಿಕೊಂಡು ಬಿಚ್ಚಿ. ವಿಂಚೆಸ್ಟರ್ ಮಾದರಿಗಳಿಗೆ ಹಗ್ಗದಂಥ ಬೋರ್‌ಸ್ನೇಕ್ ಹಿಂದಿನಿಂದ ಮುಂದಕ್ಕೆ ಎಳೆಯಿರಿ. ತಿರುಪುಗಳು ಒದೆತಕ್ಕೆ ಸಡಿಲಾಗುತ್ತವೆ, ಪ್ರತಿ ಸಲ ಬಿಗಿ ನೋಡಿ. ಎಣ್ಣೆ ಕೈಬಿಗಿದು ಹಾಕಿ, ಹೆಚ್ಚಾದರೆ ಮದ್ದಿನ ಮಸಿ ಅಂಟಿ ಅಂಟಾಗುತ್ತದೆ.

ರೇಂಜಿನಿಂದ ಹೊರಟಾಗ ಕೈ ಮುಖವನ್ನು ತಣ್ಣೀರು ಸೋಪಿನಲ್ಲಿ ತೊಳೆಯಿರಿ, ಅಂಗಿ ಬದಲಿಸಿಯೇ ಮಗುವನ್ನು ಎತ್ತಿಕೊಳ್ಳಿ. ಸೀಸದ ಪುಡಿ ಕಣ್ಣಿಗೆ ಕಾಣುವುದಿಲ್ಲ. ಮನೆಯಲ್ಲಿ ರೈಫಲ್ ಒಂದು ಬೀಗದಲ್ಲಿ, ತೋಟಾ ಇನ್ನೊಂದರಲ್ಲಿ. ಎಚ್-4 ಸಂಗಾತಿಯೋ ಊರಿಂದ ಬಂದ ಅಪ್ಪ ಅಮ್ಮನೋ ಮನೆಯಲ್ಲಿದ್ದರೆ ಕೀಲಿ ನಿಮ್ಮ ಹತ್ತಿರ ಮಾತ್ರ ಇರಲಿ. ಅವರ ಕೈಗೆ ಎಟಕುವಂತಿದ್ದರೆ ಕಾನೂನು ಅದನ್ನು ಅವರ ವಶವೆಂದೂ ನೋಡಬಹುದು. ಕಾರಿನಲ್ಲಿ ಡಿಕ್ಕಿಯೊಳಗೆ, ಖಾಲಿಯಾಗಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿ.

ರೇಂಜಿಗೆ ಒಯ್ಯುವ ಚೀಲವನ್ನು ಬೇರೆ ಯಾವುದಕ್ಕೂ ಬಳಸಬೇಡಿ, ಅದರಲ್ಲೂ ಬೆಂಗಳೂರಿನ ವಿಮಾನಕ್ಕೆ. ಚೀಲದ ಮೂಲೆಯಲ್ಲಿ ಉಳಿದ ಒಂದು .22 ತೋಟಾ ಭಾರತದ ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಸಿಕ್ಕರೆ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು ಬೀಳುತ್ತದೆ. ಗೊತ್ತಿಲ್ಲದೆ ಬಂತು ಎಂದು ಸಾಬೀತುಪಡಿಸಲು ಕೋರ್ಟಿಗೆ ಅಲೆಯಬೇಕಾದೀತು, ರಜೆ ಅಷ್ಟರಲ್ಲೇ ಮುಗಿದಿರುತ್ತದೆ. ನೆನಪಿಗೆಂದು ಖಾಲಿ ಕೋಶವನ್ನೂ ಒಯ್ಯಬೇಡಿ. ರೇಂಜಿಗೆ ಹಾಕಿಕೊಂಡು ಹೋಗುವ ಜಾಕೆಟ್ಟಿನ ಜೇಬನ್ನೂ ತಿರುವಿ ನೋಡಿ.